ಸಿಸ್‌ಡಿಎ ಎಲ್ಲಿಂದ ಬಂತು? ಮೇನ್‌ಫ್ರೇಮ್ ಸಾಧನಗಳ ಗುಂಪು ಕಟ್ಟುವ ಪಾಠವೂ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಮೇನ್‌ಫ್ರೇಮ್ (ಬ್ಯಾಂಕು, ವಿಮಾ ಕಂಪನಿಗಳ ದೊಡ್ಡ ಕಂಪ್ಯೂಟರ್) ಕಲಿಯುವ ಹುಡುಗ ಹುಡುಗಿಯರು ಮೊದಲ ವಾರದಲ್ಲೇ, ಯಂತ್ರಕ್ಕೆ ಜಾಬ್ ಅಂದರೆ ಕೆಲಸ ಒಪ್ಪಿಸುವ ಭಾಷೆಯಾದ ಜೆಸಿಎಲ್‌ನಲ್ಲಿ, ಯಾವ ಡಿಸ್ಕ್‌ಗಳ ಗುಂಪು ಬೇಕೆಂದು ಹೇಳಲು ‘ಯೂನಿಟ್=ಸಿಸ್‌ಡಿಎ’ ಎಂದು ಬರೆಯುತ್ತಾರೆ. ಆಮೇಲೆ ವರ್ಷಗಟ್ಟಲೆ ಅದನ್ನೇ ನಕಲು ಮಾಡುತ್ತಾ ಹೋಗುತ್ತಾರೆ. ಆ ಹೆಸರನ್ನು ಯಾರು ಇಟ್ಟರು, ಅದರೊಳಗೆ ಯಾವ ಯಾವ ಡಿಸ್ಕ್‌ಗಳಿವೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ತಪ್ಪು ಅವರದಲ್ಲ. ಕೋಬಾಲ್, ಜೆಸಿಎಲ್, ವಿಸ್ಯಾಮ್, ಡಿಬಿ2, ಸಿಐಸಿಎಸ್ ಎಂಬ ಭಾಷೆ, ತಂತ್ರಾಂಶಗಳಷ್ಟಕ್ಕೇ ಪಾಠ ಮುಗಿಯುತ್ತದೆ. ಯಂತ್ರಕ್ಕೆ ಯಾವ ಸಾಧನಗಳಿವೆ ಎಂದು ಹೇಳುವ ಕಾನ್ಫಿಗರೇಶನ್ ಫೈಲ್ ‘ಸಿಸ್ಟಮ್ಸ್‌ನವರ ಕೆಲಸ’ ಎಂದು ಪಕ್ಕಕ್ಕೆ ಉಳಿಯುತ್ತದೆ. ಆದರೆ ಇಲ್ಲಿ ಕುಳಿತು ಹೊರದೇಶದ ಬ್ಯಾಂಕು, ವಿಮಾ ಕಂಪನಿಗಳ ಯಂತ್ರ ನೋಡಿಕೊಳ್ಳುವವರ ಕೈಗೆ ಒಂದಲ್ಲ ಒಂದು ರಾತ್ರಿ ಆ ಫೈಲ್ ಬಂದೇ ಬರುತ್ತದೆ. ಒಂದೇ ಬಗೆಯ ಸಾಧನಗಳನ್ನು ಆ ಫೈಲಿನಲ್ಲಿ ಹೇಗೆ ಗುಂಪು ಕಟ್ಟಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಕನ್ನಡದಲ್ಲೇ ಹೇಳಬಹುದೆಂದು ತೋರಿಸಲು, ಹಾಗೆಯೇ ತರಬೇತಿ ಕೊಡುವವರ ಗಮನ ಸೆಳೆಯಲು ಈ ಪತ್ರ.

ಗುಂಪು ಎರಡು ಕಡೆ ಕಟ್ಟುತ್ತೇವೆ. ಮೊದಲನೆಯದು ಹಾರ್ಡ್‌ವೇರ್ ಕಡೆ: ಇಷ್ಟು ಡಿಸ್ಕ್‌ಗಳು ಈ ಕಂಟ್ರೋಲ್ ಯೂನಿಟ್‌ನ (ಡಿಸ್ಕ್‌ಗಳನ್ನು ನಡೆಸುವ ಪೆಟ್ಟಿಗೆಯ) ಹಿಂದಿವೆ, ಈ ಚಾನೆಲ್‌ಗಳ (ಯಂತ್ರದಿಂದ ಅಲ್ಲಿಗೆ ಹೋಗುವ ದಾರಿಗಳ) ಮೂಲಕ ಅವನ್ನು ಮುಟ್ಟಬಹುದು ಎಂದು ಹೇಳುವುದು. ಎರಡನೆಯದು ಆಪರೇಟಿಂಗ್ ಸಿಸ್ಟಮ್ ಕಡೆ: ಈ ಡಿಸ್ಕ್‌ಗಳಿಗೆ ಒಟ್ಟಾಗಿ ಈ ಹೆಸರು ಎಂದು ಹೇಳುವುದು. ಈ ಎರಡನೆಯ ಬಗೆಯ ಹೆಸರಿಗೆ ‘ಎಸೊಟೆರಿಕ್’ ಎನ್ನುತ್ತಾರೆ, ಸಿಸ್‌ಡಿಎ ಅಂಥದ್ದೊಂದು. ಮೊದಲು ಈ ಎರಡು ಕೆಲಸಕ್ಕೆ ಎರಡು ಫೈಲ್ ಇದ್ದವು. ಚಾನೆಲ್ ವ್ಯವಸ್ಥೆಗೆ ಐಒಸಿಪಿ, ಎಂವಿಎಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಎಂವಿಎಸ್‌ಸಿಪಿ. ಒಂದೇ ಸಾಧನವನ್ನು ಎರಡೂ ಕಡೆ ಬರೆಯಬೇಕು. ಒಂದರಲ್ಲಿ ಸೇರಿಸಿ ಇನ್ನೊಂದರಲ್ಲಿ ಮರೆತರೆ ಯಂತ್ರಕ್ಕೆ ಗೊತ್ತಿರುವ ಡಿಸ್ಕ್ ಎಂವಿಎಸ್‌ಗೆ ಗೊತ್ತಿಲ್ಲ. 1990ರ ದಶಕದ ಆರಂಭದಿಂದ ಎಚ್‌ಸಿಡಿ ಎಂಬ ಕಾನ್ಫಿಗರೇಶನ್ ತಂತ್ರಾಂಶ ಎರಡನ್ನೂ ಐಒಡಿಎಫ್ ಎಂಬ ಒಂದೇ ಫೈಲಿಗೆ ತಂದಿತು. ಆ ಬಗೆಯ ತಪ್ಪು ಕಡಿಮೆಯಾಯಿತು. ಗುಂಪನ್ನೇ ತಪ್ಪಾಗಿ ಕಟ್ಟಿದರೆ ಮಾತ್ರ ಎಚ್‌ಸಿಡಿ ಏನೂ ಮಾಡಲಾರದು, ಏಕೆಂದರೆ ವ್ಯಾಕರಣ ಸರಿಯಿದ್ದರೆ ಅದು ಒಪ್ಪಿಕೊಳ್ಳುತ್ತದೆ.

ಡಿವೈಸ್ ನಂಬರ್ ಎಂದರೇನು ಎಂಬಲ್ಲೇ ಮೊದಲ ಗೊಂದಲ. 1964ರ ಏಪ್ರಿಲ್ 7ರಂದು ಪ್ರಕಟವಾದ ಐಬಿಎಂನ ಸಿಸ್ಟಮ್/360 ಯಂತ್ರಗಳಲ್ಲಿ ಸಾಧನದ ಮೂರಂಕಿಯ ವಿಳಾಸವೇ ದಾರಿ ಹೇಳುತ್ತಿತ್ತು: ಮೊದಲ ಅಂಕಿ ಚಾನೆಲ್, ಮುಂದಿನವು ಆ ಚಾನೆಲ್‌ನಲ್ಲಿರುವ ಕಂಟ್ರೋಲ್ ಯೂನಿಟ್ ಮತ್ತು ಸಾಧನ. 1980ರ ದಶಕದ ಆರಂಭದಲ್ಲಿ 370-ಎಕ್ಸ್‌ಎ ಎಂಬ ಹೊಸ ವಿನ್ಯಾಸ ಬಂದ ಮೇಲೆ ಆ ನಂಟು ಕಳಚಿತು. ಈಗಿನ ನಾಲ್ಕಂಕಿಯ ಡಿವೈಸ್ ನಂಬರ್ ಬರೀ ಹೆಸರು. ಸಾಧನದ ನಿಜವಾದ ಜಾಗವನ್ನು ಹೇಳುವುದು ಚಾನೆಲ್, ಕಂಟ್ರೋಲ್ ಯೂನಿಟ್ ಮತ್ತು ಅದರೊಳಗಿನ ಯೂನಿಟ್ ಅಡ್ರೆಸ್. ನಂಬರಿಗೂ ಜಾಗಕ್ಕೂ ಹೊಂದಿಕೆ ಇರಲೇಬೇಕೆಂಬ ಕಟ್ಟುಪಾಡಿಲ್ಲ. ಇದ್ದರೆ ಮಾತ್ರ ನಡುರಾತ್ರಿ ಫೋನ್ ಬಂದಾಗ ತಲೆ ಕೆಡುವುದಿಲ್ಲ.

ಇನ್ನು ಬರೆಯುವ ಬಗೆ. ಒಂದೇ ಕಂಟ್ರೋಲ್ ಯೂನಿಟ್‌ನ ಹಿಂದಿರುವ 64 ಡಿಸ್ಕ್‌ಗಳಿಗೆ 64 ಸಾಲು ಬೇಕಿಲ್ಲ. ‘ಐಒಡಿವೈಸ್ ಅಡ್ರೆಸ್=(1000,64)’ ಎಂದು ಒಂದೇ ಸಾಲು ಸಾಕು: 1000ದಿಂದ ಶುರು, ಒಟ್ಟು 64. ಇಲ್ಲೊಂದು ಹಳ್ಳವಿದೆ, ಹೊಸಬರು ಬೀಳುವುದು ಇದರಲ್ಲೇ. 1000 ಎಂಬುದು ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಎಣಿಕೆ (ಇದರಲ್ಲಿ 9ರ ನಂತರ ಎಯಿಂದ ಎಫ್‌ವರೆಗಿನ ಅಕ್ಷರಗಳೂ ಅಂಕಿಗಳೇ). 64 ಎಂಬುದು ನಮ್ಮ ಹತ್ತರ ಎಣಿಕೆ. ಎರಡೂ ಒಂದೇ ಆವರಣದಲ್ಲಿ ಪಕ್ಕಪಕ್ಕ ಕುಳಿತಿವೆ. ಈ ಗುಂಪು ಮುಗಿಯುವುದು 103ಎಫ್‌ನಲ್ಲಿ, ಮುಂದಿನ ಗುಂಪು ಶುರುವಾಗಬೇಕಾದ್ದು 1040ರಲ್ಲಿ. ‘1000ಕ್ಕೆ 64 ಕೂಡಿಸಿದರೆ 1064’ ಎಂದು ಲೆಕ್ಕ ಹಾಕಿ ಮುಂದಿನ ಗುಂಪನ್ನು 1064ರಿಂದ ಶುರು ಮಾಡಿದರೆ ನಡುವೆ 36 ನಂಬರುಗಳು ಖಾಲಿ ಬೀಳುತ್ತವೆ. ಇದರ ತಿರುವುಮುರುವೂ ಉಂಟು: 1000ದಿಂದ 10ಎಫ್‌ಎಫ್‌ವರೆಗೆ ಪೂರ್ತಿ ಬೇಕೆಂದು (1000,100) ಎಂದು ಬರೆಯುವುದು. ಬೇಕಾದ್ದು 256, ಸಿಕ್ಕಿದ್ದು 100. ಉಳಿದ 156 ಡಿಸ್ಕ್‌ಗಳು ಸ್ಟೋರೇಜ್‌ನಲ್ಲಿವೆ, ಸಿಸ್ಟಮ್‌ಗೆ ಕಾಣುವುದಿಲ್ಲ. ಸಾಲಿನಲ್ಲಿ ವ್ಯಾಕರಣದ ತಪ್ಪಿಲ್ಲವಾದ್ದರಿಂದ ಯಾವ ಸಂದೇಶವೂ ಬರುವುದಿಲ್ಲ. ಎಣಿಕೆಯನ್ನು 16ರ ಗುಣಕದಲ್ಲೇ ಇಟ್ಟುಕೊಂಡು (16, 32, 64, 192, 256) ಪ್ರತಿ ಸಾಲಿನ ಪಕ್ಕದಲ್ಲಿ ಕೊನೆಯ ನಂಬರನ್ನೂ ಕಾಮೆಂಟಾಗಿ ಬರೆದರೆ ಈ ತಪ್ಪು ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ಅಪಾಯಕಾರಿ ತಪ್ಪು ಯೂನಿಟ್ ಅಡ್ರೆಸ್‌ನದ್ದು. ಕಂಟ್ರೋಲ್ ಯೂನಿಟ್‌ನ ಒಂದೊಂದು ಲಾಜಿಕಲ್ ಭಾಗದಲ್ಲಿ 00ಯಿಂದ ಎಫ್‌ಎಫ್‌ವರೆಗೆ 256 ಯೂನಿಟ್ ಅಡ್ರೆಸ್‌ಗಳಿರುತ್ತವೆ. ಸಾಲಿನಲ್ಲಿ ನಾವು ಬೇರೆಯಾಗಿ ಹೇಳದಿದ್ದರೆ ಡಿವೈಸ್ ನಂಬರಿನ ಕೊನೆಯ ಎರಡು ಅಂಕಿಗಳನ್ನೇ ಶುರುವಿನ ಯೂನಿಟ್ ಅಡ್ರೆಸ್ ಎಂದು ಹಿಡಿಯಲಾಗುತ್ತದೆ. 1000ದಿಂದ ಶುರುವಾಗುವ ಗುಂಪಿಗೆ 00 ಬರುತ್ತದೆ, ಸರಿ. ಜಾಗ ಉಳಿಸಲೆಂದು ಇನ್ನೊಂದು ಲಾಜಿಕಲ್ ಕಂಟ್ರೋಲ್ ಯೂನಿಟ್‌ನ ಡಿಸ್ಕ್‌ಗಳನ್ನು 1040ರಿಂದ ಶುರು ಮಾಡಿ ‘ಯೂನಿಟ್ಯಾಡ್=00’ ಬರೆಯಲು ಮರೆತರೆ? ಆ ಗುಂಪು 40ರಿಂದ ಶುರುವಾಗುತ್ತದೆ. ಸ್ಟೋರೇಜ್‌ನಲ್ಲಿ 40ರಲ್ಲಿ ಏನೂ ಇಲ್ಲದಿದ್ದರೆ ಡಿಸ್ಕ್ ಉತ್ತರ ಕೊಡುವುದಿಲ್ಲ, ಅಷ್ಟರಮಟ್ಟಿಗೆ ಪುಣ್ಯ. ಅಲ್ಲಿ ಬೇರೆ ವಾಲ್ಯೂಮ್ (ದತ್ತಾಂಶವಿರುವ ಡಿಸ್ಕ್) ಇದ್ದರೆ ನಾವು ಅಂದುಕೊಂಡ ಡಿಸ್ಕ್ ಬದಲು ಅದೇ ಆನ್‌ಲೈನ್ ಆಗುತ್ತದೆ. ಅದನ್ನು ಖಾಲಿ ಡಿಸ್ಕ್ ಎಂದು ನಂಬಿ ಇನಿಶಿಯಲೈಸ್ ಮಾಡಲು (ಹೊಸದಾಗಿ ಸಜ್ಜುಗೊಳಿಸಲು) ಹೊರಟರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದಲೇ ನಾವು ಹೇಳುವುದು: ಒಂದು ಲಾಜಿಕಲ್ ಕಂಟ್ರೋಲ್ ಯೂನಿಟ್‌ಗೆ 256 ನಂಬರುಗಳ ಒಂದು ಪೂರ್ತಿ ಓಣಿ ಕೊಡಿ. 1000ದ ಓಣಿ ಮೊದಲನೆಯದಕ್ಕೆ, 1100ರ ಓಣಿ ಎರಡನೆಯದಕ್ಕೆ, 1200ರದ್ದು ಮೂರನೆಯದಕ್ಕೆ. ಆಗ ಎರಡನೆಯ ಅಂಕಿ ಕಂಟ್ರೋಲ್ ಯೂನಿಟ್ ಯಾವುದೆಂದು ಹೇಳುತ್ತದೆ, ಕೊನೆಯ ಎರಡು ಅಂಕಿ ಯೂನಿಟ್ ಅಡ್ರೆಸ್ ಹೇಳುತ್ತದೆ. ಓಣಿಯಲ್ಲಿ ಅರ್ಧ ಖಾಲಿ ಬಿದ್ದರೂ ಬಿಡಿ.

ಒಂದೇ ಓಣಿಯೊಳಗೂ ಎಲ್ಲ ನಂಬರುಗಳು ಒಂದೇ ಬಗೆಯಲ್ಲ. ಒಂದು ಡಿಸ್ಕಿಗೆ ಏಕಕಾಲಕ್ಕೆ ಹಲವು ಓದು-ಬರಹ ನಡೆಸಲು ಪ್ಯಾವ್ ಎಂಬ ಸೌಲಭ್ಯವಿದೆ. ಅದರಲ್ಲಿ ದತ್ತಾಂಶ ಇರುವ ಅಸಲಿ ಡಿಸ್ಕ್‌ಗೆ 3390ಬಿ, ಅದರ ಪರವಾಗಿ ಓಡಾಡುವ ಅಲಿಯಾಸ್‌ಗೆ 3390ಎ ಎಂದು ಬರೆಯುತ್ತೇವೆ. ಎರಡಕ್ಕೂ ಬೇರೆ ಬೇರೆ ಸಾಲು: 1000ದಿಂದ 192 ಅಸಲಿ, 10ಸಿ0ಯಿಂದ 64 ಅಲಿಯಾಸ್, ಒಟ್ಟು 256. ಈ 192-64ರ ಹಂಚಿಕೆ ಸ್ಟೋರೇಜ್ ಪೆಟ್ಟಿಗೆಯೊಳಗೆ ಮಾಡಿದ ಹಂಚಿಕೆಗೆ ಅಕ್ಷರಶಃ ಹೊಂದಬೇಕು. ಅಲ್ಲಿ 192-64 ಇದ್ದು ಇಲ್ಲಿ 208-48 ಎಂದು ಬರೆದರೆ ಸಿ0ಯಿಂದ ಸಿಎಫ್‌ವರೆಗಿನ 16 ಅಡ್ರೆಸ್‌ಗಳನ್ನು ಒಬ್ಬರು ಅಲಿಯಾಸ್ ಎನ್ನುತ್ತಾರೆ, ಇನ್ನೊಬ್ಬರು ಅಸಲಿ ಎನ್ನುತ್ತಾರೆ. ಆ 16 ಆನ್‌ಲೈನ್ ಬರುವುದಿಲ್ಲ. ಸ್ಟೋರೇಜ್ ತಂಡವೂ ಸಿಸ್ಟಮ್ಸ್ ತಂಡವೂ ಬೇರೆ ಬೇರೆ ಊರಿನಲ್ಲಿದ್ದು ಬೇರೆ ಬೇರೆ ಹಾಳೆ ನೋಡುತ್ತಿದ್ದರೆ ಈ ತಪ್ಪು ಸಲೀಸಾಗಿ ನುಸುಳುತ್ತದೆ. ಹಾಳೆ ಒಂದೇ ಇರಲಿ. ಅಲಿಯಾಸ್‌ಗಳೇ ನಂಬರುಗಳನ್ನು ನುಂಗಿಹಾಕುತ್ತವೆ ಎಂಬ ದೂರೂ ಇತ್ತು. 2005ರಲ್ಲಿ ಬಂದ ಜ಼ಡ್9 ಯಂತ್ರದಿಂದ ಎರಡನೇ ಸಬ್‌ಚಾನೆಲ್ ಸೆಟ್, ಅಂದರೆ ಸಾಧನಗಳ ನಂಬರುಗಳಿಗೆ ಇನ್ನೊಂದು ಕಟ್ಟು, ಸಿಕ್ಕಿತು. ಅಲಿಯಾಸ್‌ಗಳನ್ನು ಅಲ್ಲಿಗೆ ಕಳಿಸಿದರೆ ಮೊದಲ ಸೆಟ್ಟಿನ ನಂಬರುಗಳು ಅಸಲಿ ಡಿಸ್ಕ್‌ಗಳಿಗೆ ಉಳಿಯುತ್ತವೆ.

ಒಂದೇ ಮಾಡೆಲ್ ಆದ ಮಾತ್ರಕ್ಕೆ ಒಂದೇ ಗುಂಪಿಗೆ ಹಾಕಬಾರದು ಎಂಬುದು ಈ ಪತ್ರದ ಮುಖ್ಯ ಮಾತು. ಬಗೆ, ಕಂಟ್ರೋಲ್ ಯೂನಿಟ್, ದಾರಿ ಇವು ಒಂದಾಗಿರಬೇಕು. ಜತೆಗೆ ಐಪಿಎಲ್ (ಸಿಸ್ಟಮ್ ಶುರು ಮಾಡುವುದು) ಹೊತ್ತಿಗೆ ಆ ಡಿಸ್ಕ್‌ಗಳು ಏನು ಮಾಡಬೇಕು ಎಂಬುದೂ ಒಂದಾಗಿರಬೇಕು. ಇನ್ನೊಂದು ಡಿಸ್ಕಿನ ನಕಲು ಇಟ್ಟುಕೊಳ್ಳುವ ಫ್ಲ್ಯಾಶ್‌ಕಾಪಿ ಡಿಸ್ಕ್‌ಗಳನ್ನು ನೋಡಿ. ಇಡೀ ವಾಲ್ಯೂಮ್ ನಕಲಾದಾಗ ಲೇಬಲ್ಲೂ ನಕಲಾಗಿರುತ್ತದೆ. ಮೂಲ ಮತ್ತು ನಕಲು ಎರಡನ್ನೂ ಒಂದೇ ಸಾಲಿನಲ್ಲಿ ಆನ್‌ಲೈನ್ ಎಂದು ಬರೆದರೆ ಐಪಿಎಲ್ ನಡುವೆ ಐಇಎ213ಎ ಸಂದೇಶ ಬರುತ್ತದೆ: ಒಂದೇ ಹೆಸರಿನ ಎರಡು ವಾಲ್ಯೂಮ್ ಇವೆ, ಯಾವುದನ್ನು ಆಫ್‌ಲೈನ್ ಇಡಲಿ? ಆಪರೇಟರ್ ಉತ್ತರ ಕೊಡುವವರೆಗೆ ಕಾಯುತ್ತದೆ. ಅವರು ಆತುರದಲ್ಲಿ ಮೂಲದ ನಂಬರನ್ನೇ ಒತ್ತಿದರೆ ಹಳೆಯ ನಕಲಿನ ಮೇಲೆ ಸಿಸ್ಟಮ್ ಮೇಲೇಳುತ್ತದೆ. ನಕಲುಗಳಿಗೆ ಬೇರೆ ಓಣಿ, ಬೇರೆ ಸಾಲು, ‘ಆಫ್‌ಲೈನ್=ಯೆಸ್’ ಇಟ್ಟರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಟೆಸ್ಟ್ ಎಲ್‌ಪಾರ್‌ಗೂ (ಅದೇ ಯಂತ್ರದ ಒಂದು ಪಾಲಿನಲ್ಲಿ ಓಡುವ ಪರೀಕ್ಷಾ ಸಿಸ್ಟಮ್‌ಗೂ) ಇದೇ ಮಾತು. ಪ್ರೊಡಕ್ಷನ್ ಡಿಸ್ಕ್‌ಗಳು ಟೆಸ್ಟ್ ಸಿಸ್ಟಮ್‌ನ ಪಟ್ಟಿಯಲ್ಲಿ ಇಲ್ಲದಿರುವುದೇ ಒಳ್ಳೆಯದು. ಇರಲೇಬೇಕಾದರೆ ಆಫ್‌ಲೈನ್ ಇರಲಿ.

ದಾರಿಯ ವಿಷಯದಲ್ಲಿ ನಿಯಮ ತಿರುಗುತ್ತದೆ. ಡಿಸ್ಕ್‌ಗಳನ್ನು ಒಟ್ಟುಗೂಡಿಸುತ್ತೇವೆ, ಚಾನೆಲ್‌ಗಳನ್ನು ಚದುರಿಸುತ್ತೇವೆ. ಒಂದು ಸಾಧನಕ್ಕೆ 8 ದಾರಿಗಳವರೆಗೆ ಕೊಡಬಹುದು. 50, 51, 52, 53 ಎಂದು ಸಾಲಾಗಿ ನಾಲ್ಕು ಚಾನೆಲ್ ಬರೆದರೆ ನೋಡಲು ಅಚ್ಚುಕಟ್ಟು. ಆದರೆ ಆ ನಾಲ್ಕರಲ್ಲಿ ಎರಡೆರಡು ಒಂದೇ ಕಾರ್ಡಿನ ಮೇಲಿದ್ದರೆ, ನಾಲ್ಕೂ ಚಾನೆಲ್‌ಗಳನ್ನು ಕಂಟ್ರೋಲ್ ಯೂನಿಟ್‌ಗೆ ಜೋಡಿಸುವ ಒಂದೇ ಫೈಕಾನ್ ಸ್ವಿಚ್ ಮೂಲಕ ಹಾದರೆ, ಆ ಒಂದು ಸ್ವಿಚ್ ಕೆಟ್ಟ ದಿನ ನಾಲ್ಕು ದಾರಿಯೂ ಒಟ್ಟಿಗೆ ಮುಚ್ಚುತ್ತವೆ. ಆಗ ಕನ್ಸೋಲ್‌ನಲ್ಲಿ ಐಒಎಸ್451ಐ ಸಂದೇಶಗಳು ಸಾಲುಗಟ್ಟುತ್ತವೆ: ದಾರಿ ಉಳಿದಿಲ್ಲ, ಡಿಸ್ಕ್ ಬಾಕ್ಸ್ ಆಗಿದೆ (ಬಳಕೆಯಿಂದ ಹೊರಬಿದ್ದಿದೆ). ಚಾನೆಲ್ ನಂಬರ್ ನೋಡಿ ತೀರ್ಮಾನಿಸದೆ, ಅದರ ಹಿಂದಿನ ಕಾರ್ಡ್ ಮತ್ತು ಸ್ವಿಚ್ ಯಾವುದೆಂದು ಪಟ್ಟಿ ಮಾಡಿಕೊಂಡೇ ಬರೆಯಬೇಕು.

ಈಗ ಸಿಸ್‌ಡಿಎಗೆ ಮರಳೋಣ. ‘ಸಿಸಾಲ್‌ಡಿಎ’ ಎಂಬ ಹೆಸರನ್ನು ಸಿಸ್ಟಮ್ ತಾನೇ ಹುಟ್ಟಿಸಿ ಎಲ್ಲ ಡಿಸ್ಕ್‌ಗಳನ್ನೂ ಅದರಲ್ಲಿ ಸೇರಿಸುತ್ತದೆ. ಸಿಸ್‌ಡಿಎ ಹಾಗಲ್ಲ, ಅದನ್ನು ಪ್ರತಿ ಕಡೆಯೂ ಒಬ್ಬ ಸಿಸ್ಟಮ್ಸ್ ಪ್ರೋಗ್ರಾಮರ್ ಕೈಯಾರೆ ಕಟ್ಟಿರುತ್ತಾರೆ. ಹೆಸರು 8 ಅಕ್ಷರ ಮೀರಬಾರದು. ಇವೆಲ್ಲ ಸೇರುವ ಕೋಷ್ಟಕವೇ ಇಡಿಟಿ. ಜಾಬ್ ಶುರುವಾಗುವಾಗ ಯೂನಿಟ್ ಎಂದು ಬರೆದ ಹೆಸರನ್ನು ಸಿಸ್ಟಮ್ ಆ ಕೋಷ್ಟಕದಲ್ಲಿ ಹುಡುಕುತ್ತದೆ. ಸಿಗದಿದ್ದರೆ ಐಇಎಫ್210ಐ ಎಂದು ಹೇಳಿ ಜಾಬನ್ನು ಜೆಸಿಎಲ್ ಎರರ್‌ನಲ್ಲಿ ಹೊರಹಾಕುತ್ತದೆ. ಅಂದರೆ ಒಂದು ಎಸೊಟೆರಿಕ್ ಹೆಸರು ಬದಲಿಸಿದರೆ ಆ ಹೆಸರು ಬರೆದಿರುವ ಎಲ್ಲ ಜಾಬ್‌ಗಳೂ ಬೀಳುತ್ತವೆ. ಹಳೆಯ ಹೆಸರನ್ನು ಉಳಿಸಿಕೊಂಡೇ ಹೊಸ ಹೆಸರನ್ನು ಸೇರಿಸಿ, ಜೆಸಿಎಲ್‌ಗಳೆಲ್ಲ ಬದಲಾದ ಮೇಲೆ ಹಳೆಯದನ್ನು ತೆಗೆಯುವುದೇ ಸರಿಯಾದ ಕ್ರಮ. ಎಸ್‌ಎಂಎಸ್ ಎಂಬ ಸ್ಟೋರೇಜ್ ನಿರ್ವಹಣಾ ವ್ಯವಸ್ಥೆಯ ಆಳ್ವಿಕೆಯಲ್ಲಿರುವ ಡೇಟಾಸೆಟ್‌ಗಳಿಗೆ (ಫೈಲ್‌ಗಳಿಗೆ) ಡಿಸ್ಕ್ ಆಯ್ಕೆ ಮಾಡುವುದು ಸ್ಟೋರೇಜ್ ಗ್ರೂಪ್, ಸಿಸ್‌ಡಿಎ ಅಲ್ಲ. ಅದಕ್ಕೇ ಅನೇಕರಿಗೆ ಈ ಹೆಸರಿನ ನಿಜವಾದ ಕೆಲಸ ಗೊತ್ತಾಗದೇ ಹೋಗುತ್ತದೆ. ಒಂದು ಸಣ್ಣ ಗುರುತು: 3390 ಎಂದು ಬರೆದರೆ ಅದು ಸಾಧನದ ಬಗೆ. 3390 ಎಂಬ ನಂಬರಿನ ಒಂದೇ ಸಾಧನ ಬೇಕಿದ್ದರೆ ಮುಂದೊಂದು ಓರೆಗೆರೆ ಹಾಕಿ /3390 ಎನ್ನಬೇಕು.

ಟೇಪುಗಳಲ್ಲಿ ಗುಂಪು ಇನ್ನೂ ಸೂಕ್ಷ್ಮ. 3490 ಮತ್ತು 3590 ಡ್ರೈವ್‌ಗಳನ್ನು ‘ಟೇಪ್’ ಎಂಬ ಒಂದೇ ಹೆಸರಿನಡಿ ಹಾಕಿದರೆ ಎಚ್‌ಸಿಡಿ ತಕರಾರು ಮಾಡುವುದಿಲ್ಲ. ಯಾವ ಬಗೆಯನ್ನು ಮೊದಲು ಆರಿಸಬೇಕೆಂದು ಡಿವೈಸ್ ಪ್ರಿಫರೆನ್ಸ್ ಪಟ್ಟಿ ಹೇಳುತ್ತದೆ. ಕ್ಯಾಟಲಾಗ್ (ಯಾವ ಡೇಟಾಸೆಟ್ ಎಲ್ಲಿದೆ ಎಂಬ ಪಟ್ಟಿ) ಸೇರಿದ ಟೇಪಿಗೆ ಅದರ ಬಗೆ ಕ್ಯಾಟಲಾಗ್‌ನಲ್ಲೇ ಇರುವುದರಿಂದ ಬಚಾವು. ಆದರೆ ವಾಲ್ಯೂಮ್ ನಂಬರ್ ಕೊಟ್ಟು ‘ಯೂನಿಟ್=ಟೇಪ್’ ಎಂದಷ್ಟೇ ಬರೆದ ಜಾಬ್‌ಗೆ ತಪ್ಪು ಬಗೆಯ ಡ್ರೈವ್ ಸಿಗಬಹುದು. ಎರಡರ ಕಾರ್ಟ್ರಿಜ್‌ಗಳ ಹೊರ ಅಳತೆ ಒಂದೇ, ಒಳಗಿನ ಬರಹ ಬೇರೆ. 3592 ಡ್ರೈವ್‌ಗಳ ತೊಡಕು ಇನ್ನೊಂದು ಬಗೆಯದು. ಅವನ್ನು ಕಾನ್ಫಿಗರೇಶನ್‌ನಲ್ಲಿ 3590 ಎಂದೇ ಬರೆಯಬೇಕು. ಹಾಗಾಗಿ ಹಳೆಯ ತಲೆಮಾರಿನದೂ ಹೊಸದೂ ಸಿಸ್ಟಮ್ ಕಣ್ಣಿಗೆ ಒಂದೇ. ಹೊಸ ಡ್ರೈವ್ ತನ್ನ ಹೊಸ ಕ್ರಮದಲ್ಲಿ ಬರೆದ ಟೇಪನ್ನು ಹಳೆಯದು ಓದಲಾರದು. ಇಲ್ಲಿ ಬಗೆಯ ಹೆಸರು ನಂಬಿ ಗುಂಪು ಕಟ್ಟಿದರೆ ಕೆಟ್ಟಿತು. ಟೇಪ್ ಲೈಬ್ರರಿಯ ಹೊರಗಿರುವ ಡ್ರೈವ್‌ಗಳಿಗೆ ತಲೆಮಾರಿಗೊಂದು ಎಸೊಟೆರಿಕ್ ಇಡಬೇಕು.

ಎಸೊಟೆರಿಕ್ ಹೆಸರಿನಲ್ಲೇ ಕ್ಯಾಟಲಾಗ್ ಮಾಡಿದ ಡೇಟಾಸೆಟ್‌ಗಳಿದ್ದರೆ ಟೋಕನ್ ಎಂಬ ಸಂಖ್ಯೆಯನ್ನು ಮರೆಯಬೇಡಿ. ಕ್ಯಾಟಲಾಗ್‌ನಲ್ಲಿ ಉಳಿಯುವುದು ಆ ಸಂಖ್ಯೆ. ನಾವು ಟೋಕನ್ ಕೊಡದಿದ್ದರೆ ಹೆಸರುಗಳ ಅಕಾರಾದಿ ಕ್ರಮದಲ್ಲಿ ಸಂಖ್ಯೆಗಳು ತಾವೇ ಬೀಳುತ್ತವೆ. ನಡುವೆ ಒಂದು ಹೊಸ ಹೆಸರು ಸೇರಿಸಿದರೆ ಅದರ ಮುಂದಿನವೆಲ್ಲ ಒಂದೊಂದು ಸರಿಯುತ್ತವೆ, ನಿನ್ನೆಯವರೆಗೆ ಸಿಗುತ್ತಿದ್ದ ಡೇಟಾಸೆಟ್ ಇಂದು ಬೇರೊಂದು ಗುಂಪನ್ನು ತೋರಿಸುತ್ತದೆ. ಪ್ರತಿ ಎಸೊಟೆರಿಕ್‌ಗೂ ಟೋಕನ್ ಕೊಟ್ಟು, ಒಮ್ಮೆ ಕೊಟ್ಟದ್ದನ್ನು ಮತ್ತೆ ಬದಲಿಸದಿರುವುದು ಇದಕ್ಕೆ ಪರಿಹಾರ.

ಬದಲಾವಣೆ ಜಾರಿ ಮಾಡುವಾಗ ಕೆಲಸ ಮಾಡುವುದು ವರ್ಕ್ ಐಒಡಿಎಫ್‌ನಲ್ಲಿ. ಅದರಿಂದ ಪ್ರೊಡಕ್ಷನ್ ಐಒಡಿಎಫ್ ಕಟ್ಟಬೇಕು, ಹಳೆಯದನ್ನು ಅಳಿಸದೆ ಇಟ್ಟುಕೊಳ್ಳಬೇಕು. ‘ಆಕ್ಟಿವೇಟ್’ ಕಮಾಂಡನ್ನು ಮೊದಲು ‘ಟೆಸ್ಟ್’ ಸೇರಿಸಿ ಕೊಡಿ. ತೆಗೆಯಬೇಕಾದ ಡಿಸ್ಕ್‌ಗಳಲ್ಲಿ ಒಂದು ಇನ್ನೂ ಆನ್‌ಲೈನ್ ಇದ್ದರೂ ಬದಲಾವಣೆ ತಿರಸ್ಕೃತವಾಗುತ್ತದೆ. ನಂಬರುಗಳು ಸಾಲಾಗಿದ್ದರೆ ಆಪರೇಟರ್‌ಗೆ ಆಗುವ ಉಪಕಾರ ಇಲ್ಲಿ ಕಾಣುತ್ತದೆ: ‘ವಿ 1000-103ಎಫ್,ಆಫ್‌ಲೈನ್’ ಎಂಬ ಒಂದೇ ಕಮಾಂಡ್, ಆಮೇಲೆ ‘ಡಿ ಯು,,,1000,64’ ಎಂದು ಒಂದು ನೋಟ. ಗುಂಪು ಅಲ್ಲೊಂದು ಇಲ್ಲೊಂದು ಹರಡಿದ್ದರೆ ಹದಿನೈದು ಕಮಾಂಡ್, ಅದರಲ್ಲೊಂದು ಬಿಟ್ಟುಹೋಗುವ ಭಯ.

ಲಿನಕ್ಸ್ ಓಡಿಸುವವರಿಗೂ ಗುಂಪು ತಪ್ಪಿದ್ದಲ್ಲ, ಅಲ್ಲಿ ಅದರ ಅರ್ಥ ಮಾತ್ರ ಬೇರೆ. ಓಎಸ್‌ಎ ನೆಟ್‌ವರ್ಕ್ ಕಾರ್ಡಿನ ಒಂದು ಸಂಪರ್ಕಕ್ಕೆ ಮೂರು ಡಿವೈಸ್ ನಂಬರ್ ಬೇಕು: ಓದಲು, ಬರೆಯಲು, ದತ್ತಾಂಶಕ್ಕೆ. ಓದುವುದು ಸಮಸಂಖ್ಯೆಯಲ್ಲಿರಬೇಕು, ಬರೆಯುವುದು ಅದರ ಮುಂದಿನದ್ದೇ ಆಗಬೇಕು. 0400, 0401, 0402 ಒಂದು ಗುಂಪಾದರೆ ಮುಂದಿನದನ್ನು 0403ರಿಂದ ಶುರು ಮಾಡಲಾಗದು, 0404ಕ್ಕೆ ಹೋಗಬೇಕು. ‘16 ನಂಬರಿಗೆ ಐದು ಗುಂಪು’ ಎಂದು ಲೆಕ್ಕ ಹಾಕಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಗುಂಪಿಗೆ ನಾಲ್ಕರಂತೆ ಹಿಡಿದು 16ಕ್ಕೆ ನಾಲ್ಕು ಗುಂಪು ಎಂದುಕೊಳ್ಳುವುದು ಕ್ಷೇಮ. ಕಾರ್ಡಿನ ನಿರ್ವಹಣೆಗಿರುವ ಓಎಸ್‌ಎಡಿ ಸಾಧನ ಯೂನಿಟ್ ಅಡ್ರೆಸ್ ಎಫ್‌ಇಯಲ್ಲಿ ಕೂರುತ್ತದೆ, ಅದಕ್ಕೆ ಬೇರೆಯೇ ಸಾಲು.

ಇದನ್ನೆಲ್ಲ ಕಲಿಸಲು ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕೆಂದು ಯಾರೂ ಹಿಂಜರಿಯಬೇಕಿಲ್ಲ. ರೋಜರ್ ಬೌಲರ್ 1999ರಲ್ಲಿ ಶುರು ಮಾಡಿದ ಹರ್ಕ್ಯುಲಿಸ್ ಎಂಬ ಉಚಿತ ತಂತ್ರಾಂಶ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಮೇನ್‌ಫ್ರೇಮನ್ನು ಅನುಕರಿಸುತ್ತದೆ. ಅದರ ಮೇಲೆ ಹಳೆಯ ಎಂವಿಎಸ್ 3.8 ಓಡುತ್ತದೆ. ಹರ್ಕ್ಯುಲಿಸ್‌ನ ಕಾನ್ಫಿಗರೇಶನ್ ಫೈಲ್‌ನಲ್ಲಿ ‘00ಸಿ0.8 3270’ ಎಂದು ಬರೆದರೆ ಎಂಟು ಟರ್ಮಿನಲ್‌ಗಳು ಒಂದೇ ಸಾಲಿನಲ್ಲಿ ಸಿದ್ಧ. ಡಿಸ್ಕ್‌ಗಳನ್ನು ಹೀಗೆ ಒಟ್ಟಿಗೆ ಬರೆಯಲು ಹೋಗಬೇಡಿ, ಒಂದೊಂದು ಡಿಸ್ಕಿಗೂ ಅದರದೇ ಫೈಲ್ ಬೇಕಾಗುತ್ತದೆ. ಎಂವಿಎಸ್ 3.8ರಲ್ಲಿ ಸಿಸ್ಟಮ್ ಕಟ್ಟುವಾಗ ‘ಯೂನಿಟ್‌ನೇಮ್’ ಎಂಬ ಮ್ಯಾಕ್ರೋದಲ್ಲಿ ಸಿಸ್‌ಡಿಎಗೆ ಸೇರುವ ನಂಬರುಗಳನ್ನು ಬರೆದಿರುತ್ತಾರೆ, ತೆರೆದು ಓದಬಹುದು. ಅಲ್ಲಿ 3330 ಎಂದು ಹೇಳಿರುವ ನಂಬರಿಗೆ ಹರ್ಕ್ಯುಲಿಸ್‌ನಲ್ಲಿ 3350 ಕಟ್ಟಿದರೆ ಎಂವಿಎಸ್ ಅದನ್ನು ಬಳಸಲಾರದು. ಎರಡು ಫೈಲ್ ಹೊಂದದಿದ್ದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ತರಬೇತಿ ಕೇಂದ್ರಗಳಲ್ಲಿ ನಾವು ಕೇಳಿಕೊಳ್ಳುವುದು ಒಂದು ದಿನ. ಬೆಳಿಗ್ಗೆ ಎರಡು ಕಂಟ್ರೋಲ್ ಯೂನಿಟ್, ಒಂದೊಂದರಲ್ಲೂ 192 ಅಸಲಿ 64 ಅಲಿಯಾಸ್, ಅದರಲ್ಲಿ 32 ಫ್ಲ್ಯಾಶ್‌ಕಾಪಿ ಡಿಸ್ಕ್, ನಾಲ್ಕು ಚಾನೆಲ್ ಎಂದು ಹೇಳಿ ಮಕ್ಕಳ ಕೈಯಲ್ಲಿ ಕಾಗದದ ಮೇಲೆ ಸಾಲುಗಳನ್ನು ಬರೆಸಲಿ. ಪ್ರತಿ ಸಾಲಿನ ಕೊನೆಯ ನಂಬರನ್ನು ಹೆಕ್ಸಾಡೆಸಿಮಲ್‌ನಲ್ಲಿ ಅವರೇ ಲೆಕ್ಕ ಹಾಕಲಿ. ಮಧ್ಯಾಹ್ನ ಒಬ್ಬರ ಹಾಳೆಯನ್ನು ಇನ್ನೊಬ್ಬರು ತಿದ್ದಲಿ, ಮುಖ್ಯವಾಗಿ ಯೂನಿಟ್ ಅಡ್ರೆಸ್‌ಗಳನ್ನು. ಸಂಜೆ ಹರ್ಕ್ಯುಲಿಸ್ ತೆರೆದು, ಅವರು ದಿನವೂ ಬರೆಯುವ ಸಿಸ್‌ಡಿಎ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಲಿ.

ಇಂತಿ ನಿಮ್ಮ ವಿಶ್ವಾಸಿಗಳು,
ಮೇನ್‌ಫ್ರೇಮ್ ಸಿಸ್ಟಮ್ಸ್ ಪ್ರೋಗ್ರಾಮರ್‌ಗಳು, ಬೆಂಗಳೂರು